ಯುದ್ಧ ಬೇಡ ಎನ್ನುವ ಕಾದಂಬರಿ: ಮೂರರಲ್ಲಿ ಯಾವುದು?

ರೆಮಾರ್ಕ್‌ನ ‘ಆಲ್ ಕ್ವೈಟ್ ಆನ್ ದಿ ವೆಸ್ಟರ್ನ್ ಫ್ರಂಟ್’ (1929), ಹೆಲ್ಲರ್‌ನ ‘ಕ್ಯಾಚ್-22’ (1961), ವಾನೆಗಟ್‌ನ ‘ಸ್ಲಾಟರ್‌ಹೌಸ್-ಫೈವ್’ (1969): ಮೂರೂ ಯುದ್ಧವನ್ನು ಒಲ್ಲವು, ದಾರಿ ಮಾತ್ರ ಬೇರೆ.

ನೇರವಾಗಿ ನಾಟುವುದರಲ್ಲಿ ರೆಮಾರ್ಕ್ ಮುಂದು. ಮೊದಲ ಮಹಾಯುದ್ಧದ ಜರ್ಮನ್ ಸೈನಿಕರ ಕಥೆ: ಸಾಯುತ್ತಿರುವ ಕೆಮ್ಮರಿಕ್‌ನ ಬೂಟು ಗೆಳೆಯ ಮ್ಯುಲರ್‌ಗೆ, ಮ್ಯುಲರ್ ಸತ್ತ ಮೇಲೆ ಕಥೆ ಹೇಳುವ ಪೌಲ್‌ಗೆ. ಚರ್ಮ ಗಟ್ಟಿ, ತೊಟ್ಟವರು ಉಳಿಯುವುದಿಲ್ಲ. ಭಾಷಣವೇ ಬೇಕಿಲ್ಲ. 1933ರಲ್ಲಿ ನಾಜಿಗಳು ಇದನ್ನು ಸುಟ್ಟರು. ಅವರಿಗೂ ಅರ್ಥವಾಗಿತ್ತು ಅನ್ನಿ. ತೊಡಕೆಂದರೆ, ಕಂದಕದ ಗೆಳೆತನ ಎಷ್ಟು ಬೆಚ್ಚಗಿದೆಯೆಂದರೆ ಕೆಲ ಹುಡುಗರಿಗೆ ಅದೇ ಸೆಳೆತವಾಗಬಹುದು.

ಹೆಲ್ಲರ್‌ನಲ್ಲಿ ಆ ಅಪಾಯ ಕಡಿಮೆ. ಎರಡನೇ ಮಹಾಯುದ್ಧದ ಅಮೆರಿಕನ್ ಬಾಂಬರ್ ಪಡೆಯ ಕಥೆ; ಅಲ್ಲಿನ ‘ಕ್ಯಾಚ್-22’ ನಿಯಮ ಇದು: ಹುಚ್ಚನಾದರೆ ವಿಮಾನ ಹತ್ತಬೇಕಿಲ್ಲ, ಆದರೆ ತಾನೇ ಕೇಳಿಕೊಳ್ಳಬೇಕು. ಕೇಳಿದನೆಂದರೆ ಹುಚ್ಚಿಲ್ಲವೆಂದೇ ಲೆಕ್ಕ. ಇಲ್ಲಿ ವೈರಿ ಸ್ವಂತ ಕಚೇರಿಯಲ್ಲೇ ಕೂತಿದ್ದಾನೆ. ದಪ್ಪ ಪುಸ್ತಕ, ಕಾಲಕ್ರಮ ಹಿಂದುಮುಂದು, ತಾಳ್ಮೆ ಬೇಕು.

ವಾನೆಗಟ್ ತೆಳು, ಬೇಗ ಮುಗಿಯುತ್ತದೆ. ಜರ್ಮನಿಯ ಡ್ರೆಸ್ಡನ್ ಊರಿನ ಮೇಲೆ 1945ರಲ್ಲಿ ನಡೆದ ಬಾಂಬ್ ದಾಳಿಯನ್ನು ಲೇಖಕ ಸೆರೆಯಾಳಾಗಿ ಕಂಡವನು. ಊರೇ ಬೂದಿಯಾದ ಮೇಲೆ ಒಂದು ಟೀಪಾಟ್ ಎತ್ತಿಕೊಂಡದ್ದಕ್ಕೆ ಕಾದಂಬರಿಯ ಸೆರೆಯಾಳು ಡರ್ಬಿಗೆ ಗುಂಡು. ಆದರೆ ಪ್ರತಿ ಸಾವಿನ ಹಿಂದೆ ಮರಳುವ ‘ಸೋ ಇಟ್ ಗೋಸ್’ (ಹಾಗೇ ಸಾಗುತ್ತದೆ) ಎಂಬ ಆ ನಿರ್ಲಿಪ್ತ ಸಾಲು ವಿರೋಧವೋ ಶರಣಾಗತಿಯೋ? ಚರ್ಚಾಕೂಟಕ್ಕೆ ಅದಕ್ಕೇ ಇದು ಚೆನ್ನ. ಹದಿಹರೆಯದವರ ಮೊದಲ ಓದಿಗೆ ರೆಮಾರ್ಕ್, ಆಡಳಿತದ ತರ್ಕ ಕಂಡು ಬೇಸತ್ತವರಿಗೆ ಹೆಲ್ಲರ್.