ಶಿರಸಿಯ ಶ್ರವಣ ತಪಾಸಣಾ ಕೇಂದ್ರದಲ್ಲಿ ಕಂಡದ್ದು

ಎರಡು ವರ್ಷಗಳಿಂದ ಎಡಗಿವಿಯಲ್ಲಿ ಜೀರುಂಡೆಯ ದನಿಯಂತೆ ಬಿಡದೆ ಕೇಳಿಸುತ್ತಿದ್ದ ಮೊರೆತಕ್ಕೆ ಪರಿಹಾರ ಹುಡುಕುತ್ತ ಶಿರಸಿಯ ಶ್ರವಣ ತಪಾಸಣಾ ಕೇಂದ್ರವೊಂದಕ್ಕೆ ಹೋಗಿದ್ದೆ. ಸದ್ದು ನುಸುಳದ ಪುಟ್ಟ ಕೋಣೆಯಲ್ಲಿ ಕೂರಿಸಿ, 250ರಿಂದ 8000 ಹರ್ಟ್ಸ್‌ವರೆಗಿನ ಸ್ವರಗಳನ್ನು ಒಂದೊಂದಾಗಿ ಕೇಳಿಸಿ, ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಏರುಸ್ವರಗಳ ಕಡೆಗೆ ನನ್ನ ಶ್ರವಣ ನಕ್ಷೆಯ ಗೆರೆ ಕೆಳಗಿಳಿದಿತ್ತು, ಅಂದರೆ ಆ ಸ್ವರಗಳು ನನಗೆ ಕಡಿಮೆ ಕೇಳಿಸುತ್ತಿದ್ದವು. ಈ ಮೊರೆತವನ್ನು ಪೂರ್ತಿ ಅಳಿಸುವ ಗುಳಿಗೆ ಇಲ್ಲವೆಂದೂ, ಶ್ರವಣದ ಕೊರತೆಯನ್ನು ತುಂಬಿದರೆ ಅದರ ಕಾಟ ಕಡಿಮೆಯಾಗಬಹುದೆಂದೂ ತಜ್ಞೆ ಮುಚ್ಚುಮರೆಯಿಲ್ಲದೆ ಹೇಳಿದ್ದು ನನಗೆ ಬಹಳ ಹಿಡಿಸಿತು. ಶ್ರವಣಸಾಧನವನ್ನು ಮೊದಲು ಹದಿನೈದು ದಿನ ಪ್ರಯೋಗಕ್ಕೇ ಕೊಟ್ಟರು. ಹಗಲಿನಲ್ಲಿ ಮೊರೆತ ಈಗ ಹಿಂದೆ ಸರಿದಿದೆ. ರಾತ್ರಿಯ ನಿಶ್ಶಬ್ದದಲ್ಲಿ ಅದು ಮರಳುವುದರಿಂದ, ಅವರು ಹೇಳಿದಂತೆ ಮೊಬೈಲಿನಲ್ಲಿ ಮಳೆಯ ಸದ್ದನ್ನು ಸಣ್ಣಗೆ ಇಟ್ಟು ಮಲಗುತ್ತೇನೆ. ಕಾಯುವ ಕೋಣೆಯ ಟಿವಿ ಮಾತ್ರ ಅಷ್ಟು ಜೋರಾಗಿರಬಾರದಿತ್ತು. ಒಂದೇ ಕಿವಿಯಲ್ಲಿ ಮೊರೆತವಿರುವವರು ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿಯೇ ಇಲ್ಲಿಗೆ ಬರಬೇಕು.