ಮೈನಸ್ ಲೆಕ್ಕ ಕಲಿಸೋಕೆ ಅಂಗಿ ಬಟನ್ನಾ, ನಂಬರ್ ಲೈನಾ?

ಮುಂಬೈ ಹತ್ರದ ಡೊಂಬಿವಿಲೀಲಿ ಆರನೇ ಕ್ಲಾಸ್ ಮಕ್ಕಳಿಗೆ ಟ್ಯೂಷನ್ ಹೇಳ್ತೀನಿ, ಎರಡೂ ಟ್ರೈ ಮಾಡಿದೀನಿ. ನಂಬರ್ ಲೈನ್, ಅಂದ್ರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು -10 ರಿಂದ 10 ಬರೆದು ಮಕ್ಕಳನ್ನ ಅದರ ಮೇಲೆ ನಡೆಸೋದು, ಕೂಡೋ ಲೆಕ್ಕಕ್ಕೆ ಸೂಪರ್, ಇಲ್ಲಿನ ಮಕ್ಕಳಿಗೆ ಲಿಫ್ಟು, ಬೇಸ್‌ಮೆಂಟ್ ಪಾರ್ಕಿಂಗ್ ಗೊತ್ತಲ್ಲ, -2 ಅಂದ್ರೆ ತಟ್ಟನೆ ಹೊಳೆಯುತ್ತೆ. ಆದ್ರೆ 3 - (-2) ಬಂತೋ, ಯಾವ ಕಡೆ ತಿರುಗ್ಬೇಕು ಅಂತ ಗಲಾಟೆ ಶುರು.

ಅಲ್ಲಿ ಬಟನ್ನೇ ವಾಸಿ. ಬಿಳಿ +1, ಕೆಂಪು -1, ಒಂದೊಂದು ಸೇರಿದ್ರೆ ಸೊನ್ನೆ. 3 ಬಿಳಿ ಇಟ್ಟು, ಅಯ್ಯೋ ತೆಗೆಯೋಕೆ ಕೆಂಪೇ ಇಲ್ವಲ್ಲಾ ಅಂದಾಗ 2 ಸೊನ್ನೆ ಜೋಡಿ ಹಾಕಿ, ಆ 2 ಕೆಂಪು ಎತ್ತಿದ್ರೆ 5 ಬಿಳಿ ಕಣ್ಣೆದುರೇ ಉಳಿಯುತ್ತೆ. -48 + 35 ಥರದ್ದಕ್ಕೆ ಬಟನ್ ಸಾಲಲ್ಲ, ಪೇಪರ್ ಮೇಲೆ ಗೆರೆ ಎಳೆದು ಹತ್ತತ್ತು ಹಾರಿಸೋದೇ ಸರಿ.

ಒಂದೇ ಆರಿಸಿ ಅಂದ್ರೆ ನನ್ನ ವೋಟು ಬಟನ್‌ಗೆ, ಮನೇಲಿ ಪುಟ್ಟ ಮಕ್ಕಳಿದ್ರೆ ಮಾತ್ರ ಬಟನ್ ಡಬ್ಬೀನ ಕೈಗೆ ಸಿಗದ ಹಾಗೆ ಎತ್ತರದಲ್ಲಿಡಿ, ಬಾಯಿಗೆ ಹಾಕ್ಕೊಂಡ್ಬಿಡ್ತಾವೆ.