ಕೋಲಾರದ ಹಳೇ ಊರು: ಟೆಂಪೋ ಟೂರ್, ಭಾವನ ಕಾರು, ಅರ್ಧ ದಿನದ ಆಟೋ

ಮೊದಲೇ ಹೇಳಿಬಿಡುತ್ತೇನೆ. ಕೋಲಾರದ ಹಳೇ ಊರು ನೋಡಬೇಕು, ಜೊತೆಗೆ ವಯಸ್ಸಾದವರಿದ್ದಾರೆ, ಕೈಯಲ್ಲಿರುವುದು ಒಂದೇ ಬೆಳಗ್ಗೆ ಎನ್ನುವವರು ಆಟೋ ಹಿಡಿಯಿರಿ. ನಾನು ಮೂರು ಸಲ, ಮೂರು ಥರ ಹೋಗಿ ನೋಡಿದ್ದೇನೆ. ಎಲ್ಲಕ್ಕಿಂತ ಜಾಸ್ತಿ ದುಡ್ಡು ಕೊಟ್ಟಿದ್ದು ಮೊದಲನೇ ಸಲ. ಎಲ್ಲಕ್ಕಿಂತ ಕಡಿಮೆ ನೋಡಿದ್ದೂ ಆಗಲೇ.

ನಮ್ಮ ಮನೆ ತುಮಕೂರಿನಲ್ಲಿ. ಅಮ್ಮನ ತವರು ಕೋಲಾರ. ಏಳನೇ ಕ್ಲಾಸಿನವರೆಗೆ ಅಲ್ಲೇ ಓದಿದವರು. ಅಜ್ಜ ತೀರಿಕೊಂಡ ಮೇಲೆ ಬಾಡಿಗೆ ಮನೆ ಖಾಲಿ ಮಾಡಿದರು. ಆಮೇಲೆ ಆ ಕಡೆ ಹೋಗುವುದು ಮದುವೆ, ಮುಂಜಿ, ತಿಥಿಗೆ ಮಾತ್ರ ಆಯಿತು. ಛತ್ರಕ್ಕೆ ಹೋಗಿ ಊಟ ಮಾಡಿ ವಾಪಸ್. ಈಗ ಅಮ್ಮನಿಗೆ 74. ಮಂಡಿ ನೋವು ಬೇರೆ. ಎರಡು ವರ್ಷದಿಂದ ಒಂದೇ ಮಾತು: "ಸೋಮೇಶ್ವರನ ಗುಡಿ ಒಂದ್ಸಲ ನೋಡ್ಬೇಕು ಕಣೇ. ಆ ಕಂಬಗಳ ಮರೇಲಿ ನಾವು ಕಣ್ಣಾಮುಚ್ಚಾಲೆ ಆಡ್ತಿದ್ವಿ."

ಅದಕ್ಕೇ ಹೋದ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಹೊರಡುವ ಒಂದು ದಿನದ ಟೂರ್ ಬುಕ್ ಮಾಡಿದೆ. ಟೆಂಪೋ ಟ್ರಾವೆಲರ್, ಜೊತೆಗೆ ಗೈಡ್, ಬೆಳಗಿನ ತಿಂಡಿ ಅವರದೇ. ತಲಾ 1,100 ರೂಪಾಯಿ. ಅಂತರಗಂಗೆ, ಕೋಲಾರಮ್ಮ, ಸೋಮೇಶ್ವರ, ಮಧ್ಯಾಹ್ನ ಕೋಟಿಲಿಂಗೇಶ್ವರ. ಪಟ್ಟಿ ನೋಡಿದಾಗ ಚೆನ್ನಾಗಿತ್ತು. ಸೀಟು ಚೆನ್ನಾಗಿತ್ತು. ಎಸಿ ಚೆನ್ನಾಗಿತ್ತು. ಡ್ರೈವರ್ ನಿಧಾನವಾಗಿ, ಜವಾಬ್ದಾರಿಯಿಂದ ಓಡಿಸಿದರು. ಕೆಟ್ಟಿದ್ದು ಬೇರೆ ಕಡೆ.

ಗುಡಿಗಳಿಗೆ ಬಾಗಿಲು ಹಾಕುವ ಹೊತ್ತು ಅಂತ ಒಂದಿರುತ್ತದೆ, ಅಲ್ವಾ? ನಮ್ಮ ಕಡೆ ಮಗುವಿಗೂ ಗೊತ್ತು, ಮಧ್ಯಾಹ್ನದ ಮಂಗಳಾರತಿ ಆದಮೇಲೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಸಂಜೆಗೆ. ಟೂರ್ ಪಟ್ಟಿ ಮಾಡಿದವರಿಗೆ ಅದು ಹೊಳೆದೇ ಇಲ್ಲ. ಹೈವೇ ಹೋಟೆಲಿನಲ್ಲಿ ತಿಂಡಿಗೆ ಒಂದು ಗಂಟೆ ಹೋಯಿತು. ಆಮೇಲೆ ಸೀದಾ ಅಂತರಗಂಗೆಗೆ ಕರೆದುಕೊಂಡು ಹೋದರು. ಅಲ್ಲಿ ಮುನ್ನೂರಕ್ಕೂ ಜಾಸ್ತಿ ಮೆಟ್ಟಿಲು. ಹದಿನಾರು ಜನ ಒಂದೇ ಹೊತ್ತಿಗೆ ಹತ್ತಿ ಒಂದೇ ಹೊತ್ತಿಗೆ ಇಳಿಯುತ್ತಾರಾ? ನಾನು, ಅಮ್ಮ ಕೆಳಗೆ ಕಟ್ಟೆಯ ಮೇಲೆ ಕೂತೆವು. ಇಬ್ಬರು ಹುಡುಗರು ಗುಹೆ ನೋಡುತ್ತೇವೆಂದು ಇನ್ನೂ ಮೇಲೆ ಹೋದರು. ಅವರು ಇಳಿದು ಬರುವ ಹೊತ್ತಿಗೆ ಹನ್ನೊಂದೂವರೆ.

ಕೋಲಾರಮ್ಮನ ಗುಡಿ ತೆರೆದಿತ್ತು. ಅಲ್ಲಿ ಅಮ್ಮನವರನ್ನು ನೇರವಾಗಿ ನೋಡುವುದಿಲ್ಲ. ಉಗ್ರ ರೂಪ ಅಂತ ನಂಬಿಕೆ, ಅದಕ್ಕೇ ಕನ್ನಡಿಯಲ್ಲಿ ನೋಡುತ್ತಾರೆ. ಕನ್ನಡಿಯಲ್ಲಿ ಅಮ್ಮನವರು ಸಿಗಬೇಕಾದರೆ ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ಸರಿಯಬೇಕು, ಕಣ್ಣು ಆ ಬೆಳಕಿಗೆ ಒಗ್ಗಬೇಕು. ನಮ್ಮ ಹಿಂದೆ ಹದಿನಾಲ್ಕು ಜನ. ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಗೈಡ್ "ಮುಂದೆ ಬನ್ನಿ, ಮುಂದೆ ಬನ್ನಿ" ಎಂದರು. "ಕಂಡ್ರಾ ಅಮ್ಮಾ?" ಎಂದು ಕೇಳಿದೆ. "ಏನೋ ಹೂವು ಕಂಡ ಹಾಗಾಯ್ತು" ಎಂದರು.

ಅಲ್ಲಿಂದ ಸೋಮೇಶ್ವರ. ಅಷ್ಟು ದೊಡ್ಡ ಗಾಡಿ ಗುಡಿ ಬೀದಿಗೆ ಬರುವುದಿಲ್ಲ, ದೊಡ್ಡ ರಸ್ತೆಯಲ್ಲೇ ನಿಲ್ಲಿಸಿದರು. ಬಿಸಿಲಿನಲ್ಲಿ, ಬೈಕುಗಳ ನಡುವೆ, ಅಮ್ಮನ ಕೈ ಹಿಡಿದು ನಡೆಸಿಕೊಂಡು ಹೋದೆ. ಗೋಪುರ ಕಂಡಿತು. ಬಾಗಿಲು ಹಾಕಿತ್ತು. ಹನ್ನೆರಡು ಮುಕ್ಕಾಲು. ಹೂವಿನಂಗಡಿಯವರೂ ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಮುಚ್ಚಿ ಊಟಕ್ಕೆ ಹೋಗಿದ್ದರು. ಗೈಡ್ ಏನೂ ಆಗದವರ ಹಾಗೆ, "ಇದು ವಿಜಯನಗರ ಕಾಲದ್ದು, ಗೋಪುರದ ಫೋಟೋ ತೆಗೆದುಕೊಳ್ಳಿ, ಹತ್ತು ನಿಮಿಷ" ಎಂದರು. ಅಮ್ಮ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ನೋಡಿದರು. ಮಾತಾಡಲಿಲ್ಲ. ಗಾಡಿಗೆ ವಾಪಸ್ ಬಂದ ಮೇಲೂ ಮಾತಾಡಲಿಲ್ಲ. ಆ ದಿನ ನಾನು ಕೊಟ್ಟ 2,200 ರೂಪಾಯಿಗಿಂತ ಆ ಮೌನ ನನಗೆ ಜಾಸ್ತಿ ಭಾರ ಆಯಿತು.

ಟೂರಿನವರಿಗೆ ಫೋನ್ ಮಾಡಿದೆ. ಟ್ರಾಫಿಕ್ ಎಂದರು. ಟ್ರಾಫಿಕ್ ಇರಲಿಲ್ಲ. ಮೊದಲು ಊರೊಳಗಿನ ಗುಡಿಗಳು, ಆಮೇಲೆ ಬೆಟ್ಟ ಎಂದು ಬರೆದುಕೊಂಡಿದ್ದರೆ ಮುಗಿಯುತ್ತಿತ್ತು. ಬೆಟ್ಟಕ್ಕೆ ಯಾರೂ ಬಾಗಿಲು ಹಾಕುವುದಿಲ್ಲ. ಮತ್ತೆ ಆ ಮೈಕು. ಗೈಡ್ ಮುಂದೆ ಕೂತು ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಕೋಲಾರದ ಕಥೆಯನ್ನು ಕೋಲಾರದಲ್ಲೇ ಹುಟ್ಟಿದ ಅಮ್ಮ ನನ್ನಿಂದ ಕೇಳಿ ತಿಳಿದುಕೊಳ್ಳಬೇಕಾಯಿತು.

ಎರಡನೇ ಸಲ ಭಾವನ ಕಾರು. ನವೆಂಬರಿನಲ್ಲಿ ಅಲ್ಲೇ ಒಂದು ಮದುವೆಗೆ ಹೋದಾಗ. ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಭಾವ ಪಾಪ ಮನಸ್ಸಿಟ್ಟೇ ಕರೆದುಕೊಂಡು ಹೋದರು. ಆದರೆ ಪೇಟೆ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುತ್ತಲೇ ಮುಕ್ಕಾಲು ಗಂಟೆ ಹೋಯಿತು. ಕ್ಲಾಕ್ ಟವರ್ ಮುಂದೆ ಎರಡು ಸಲ ಸುತ್ತು ಹೊಡೆದೆವು. ಕೊನೆಗೆ ಸಾಕೆಂದು ಬೆಟ್ಟದ ಕಡೆ ತಿರುಗಿದೆವು. ಮಕ್ಕಳ ಜೊತೆ ಅಂತರಗಂಗೆ ಹತ್ತಿದೆ, ಕಲ್ಲಿನ ಬಸವನ ಬಾಯಿಂದ ಬೀಳುವ ನೀರು ಕುಡಿದೆ, ಅದೊಂದು ಲಾಭ. ಸ್ವಂತ ಕಾರಿನಲ್ಲಿ ಹೋದರೆ ಸಮಯ ನಮ್ಮದು, ನಿಜ. ಆದರೆ ಓಡಿಸುವವರು ಏನೂ ನೋಡುವ ಹಾಗಿಲ್ಲ, ಕೂತವರಿಗೆ ಹೇಳುವವರು ಯಾರೂ ಇಲ್ಲ.

ಮೂರನೇ ಸಲ ಜನವರಿಯಲ್ಲಿ, ಸಂಕ್ರಾಂತಿ ಆದ ಮೇಲೆ. ಹಿಂದಿನ ದಿನ ಸಂಜೆಯೇ ಹೋಗಿ ಸಂಬಂಧಿಕರ ಮನೆಯಲ್ಲಿ ಉಳಿದೆವು. ಆ ಬೀದಿಯ ಕೊನೆಯಲ್ಲೇ ಆಟೋ ಸ್ಟ್ಯಾಂಡ್. ಅಲ್ಲಿ ಐವತ್ತು ದಾಟಿದ ಒಬ್ಬ ಭಾಯ್ ಇದ್ದರು. ಹಳೇ ಊರು ತೋರಿಸುತ್ತೀರಾ, ಅಮ್ಮನಿಗೆ ಜಾಸ್ತಿ ನಡೆಯಲು ಆಗುವುದಿಲ್ಲ ಎಂದೆ. ಅವರು ಕೇಳಿದ ಮೊದಲ ಪ್ರಶ್ನೆ ದುಡ್ಡಿನದಲ್ಲ. "ಗುಡಿ ಒಳಗೆ ಹೋಗ್ಬೇಕಾ, ಹೊರಗಿಂದ ಸಾಕಾ? ಒಳಗೆ ಅಂದ್ರೆ ಬೆಳಗ್ಗೆ ಏಳಕ್ಕೇ ಹೊರಡ್ಬೇಕಮ್ಮ" ಎಂದರು. ನನಗೆ ಅಲ್ಲೇ ಸಮಾಧಾನ ಆಯಿತು. ವೇಟಿಂಗ್ ಸೇರಿಸಿ 700 ರೂಪಾಯಿಗೆ ಮಾತಾಯಿತು.

ಏಳೂಕಾಲಿಗೆ ಸೋಮೇಶ್ವರನ ಗುಡಿ ಮುಂದೆ ಇದ್ದೆವು. ಆಟೋ ಸೀದಾ ಬಾಗಿಲವರೆಗೆ. ಅಮ್ಮ ನಡೆದಿದ್ದು ಇಪ್ಪತ್ತು ಹೆಜ್ಜೆ ಇರಬಹುದು. ಗೋಪುರದ ಬಾಗಿಲು ದಾಟಿದರೆ ಒಳಗೆ ಅಂಗಳ ತಣ್ಣಗೆ, ಆಗತಾನೇ ನೀರು ಹಾಕಿ ತೊಳೆದಿದ್ದರು. ಕಲ್ಯಾಣ ಮಂಟಪದ ಕಂಬಗಳ ಮೇಲೆ ಕೈ ಇಟ್ಟರೆ ಸಾಲು ಸಾಲು ಕೆತ್ತನೆ ಬೆರಳಿಗೆ ಸಿಗುತ್ತದೆ. ಅಮ್ಮ ಒಂದು ಕಂಬಕ್ಕೆ ಒರಗಿ ನಿಂತು, ಆ ಕಡೆಯಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿದರು. "ಆಗ ಇದು ನನ್ನ ಪೂರ್ತಿ ಮುಚ್ತಿತ್ತು" ಎಂದರು. ಮುಕ್ಕಾಲು ಗಂಟೆ ಅಲ್ಲೇ ಕೂತೆವು. ಯಾರೂ ಹೊರಡಿಸಲಿಲ್ಲ. ಹೊರಗೆ ಬಂದರೆ ಅಮ್ಮ ಹೂವಿನವರ ಜೊತೆ ತೆಲುಗಿನಲ್ಲಿ ಮಾತಿಗೆ ನಿಂತರು. ತುಮಕೂರಿನಲ್ಲಿ ಐವತ್ತು ವರ್ಷ ಬಾಯಿಗೆ ಬಾರದ ತೆಲುಗು ಅಲ್ಲಿ ಹಾಗೇ ಬಂತು. ಭಾಯ್ ಅದಕ್ಕೂ ಕಾದರು.

ಕೋಲಾರಮ್ಮನ ಗುಡಿಯಲ್ಲಿ ಆ ಹೊತ್ತಿಗೆ ನಾವು ಮತ್ತು ಇನ್ನೊಂದು ಸಂಸಾರ, ಅಷ್ಟೇ. ಕನ್ನಡಿ ಮುಂದೆ ಅಮ್ಮ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತರು. ಅರ್ಚಕರು ದೀಪ ಹಿಡಿದರು. ಮೊದಲು ಬೆಳಕು, ಆಮೇಲೆ ಹೂವು, ಆಮೇಲೆ ಮುಖ. ಈ ಸಲ ನನಗೂ ಕಂಡಿತು. ಪಕ್ಕದಲ್ಲೇ ಚೇಳಮ್ಮನ ಸನ್ನಿಧಿ. ಹರಕೆ ಹೊತ್ತರೆ ಚೇಳು ಕಚ್ಚುವುದಿಲ್ಲ ಎನ್ನುವ ನಂಬಿಕೆ. ನೆಲದಲ್ಲೇ ಕೊರೆದ ಹುಂಡಿಗೆ ಕಾಣಿಕೆ ಹಾಕುತ್ತಾರೆ. ಅಮ್ಮ ಚಿಕ್ಕಂದಿನಲ್ಲಿ ಅದಕ್ಕೆ ಕಾಸು ಹಾಕಿದ್ದರಂತೆ, ಈಗ ಹತ್ತು ರೂಪಾಯಿ ನಾಣ್ಯ ಹಾಕಿದರು.

ಗೋಡೆಯ ಮೇಲಿನ ಶಾಸನ ತೋರಿಸಿ ಇದೇನೆಂದು ಭಾಯ್‌ನ ಕೇಳಿದೆ. "ಅದು ನನಗೆ ಗೊತ್ತಿಲ್ಲಮ್ಮ, ಅರ್ಚಕರನ್ನ ಕೇಳಿ" ಎಂದರು. ನನಗೆ ಇದು ತುಂಬಾ ಹಿಡಿಸಿತು. ಗೊತ್ತಿಲ್ಲದ್ದಕ್ಕೆ ಕಥೆ ಕಟ್ಟಲಿಲ್ಲ. ಅರ್ಚಕರು ಹೇಳಿದರು: ತಮಿಳು ಅಕ್ಷರ, ಚೋಳರ ಕಾಲದ್ದು. 1014ರಿಂದ 1044ರವರೆಗೆ ಆಳಿದ ಒಂದನೇ ರಾಜೇಂದ್ರ ಚೋಳನ ಶಾಸನಗಳು ಈ ಗುಡಿಯಲ್ಲಿವೆ. ಅದಕ್ಕೂ ಮುಂಚೆ ಈ ಊರು ಗಂಗರದು. ತಲಕಾಡಿಗೆ ಹೋಗುವ ಮೊದಲು ಅವರ ರಾಜಧಾನಿ ಇಲ್ಲೇ ಇತ್ತು. ಆಗಿನ ಹೆಸರು ಕುವಳಾಲಪುರ. ಗಂಗ ರಾಜರು ಆಮೇಲೂ ತಮ್ಮನ್ನು "ಕುವಳಾಲಪುರವರೇಶ್ವರ" ಎಂದು ಕರೆದುಕೊಂಡರು. ಊರು ಬಿಟ್ಟರೂ ಊರಿನ ಹೆಸರು ಬಿಡಲಿಲ್ಲ. ಅಮ್ಮನೂ ಹಾಗೇ.

ತಿಂಡಿ ಆದ ಮೇಲೆ ಭಾಯ್ ತಾವಾಗಿಯೇ ಕೇಳಿದರು: "ಮಕ್ಬರಾ ನೋಡ್ತೀರಾ?" ಟೂರಿನ ಪಟ್ಟಿಯಲ್ಲಿ ಇದು ಇರಲೇ ಇಲ್ಲ. ಹೈದರಾಲಿಯ ತಂದೆ ಫತೇ ಮೊಹಮ್ಮದನ ಗೋರಿ. ಆತ ಶಿರಾದ ಸುಬೇದಾರರ ಕೈಕೆಳಗೆ ಇದ್ದ ಸೈನಿಕ. ಶಿರಾ ಅಂದರೆ ನಮ್ಮ ಜಿಲ್ಲೆಯದೇ! ಹೈದರ್ ಹುಟ್ಟಿದ್ದು ಇಲ್ಲೇ ಹತ್ತಿರದ ಬೂದಿಕೋಟೆಯಲ್ಲಿ. 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರ ದಂಡಿನಲ್ಲಿದ್ದಾಗ ಹೈದರ್ ತೀರಿಕೊಂಡ. ದೇಹವನ್ನು ಮೊದಲು ತಂದಿಟ್ಟಿದ್ದು ಕೋಲಾರದ ಈ ಗೋರಿಗೆ, ಅಪ್ಪನ ಪಕ್ಕಕ್ಕೆ. ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದರು. ಭಾಯ್ ಚಪ್ಪಲಿ ಬಿಟ್ಟು, ದನಿ ತಗ್ಗಿಸಿ ಇದನ್ನು ಹೇಳಿದರು. ಶ್ರೀರಂಗಪಟ್ಟಣದ ಗುಂಬಜ್ ನಾನು ನಾಲ್ಕು ಸಲ ನೋಡಿದ್ದೇನೆ. ಅದಕ್ಕೆ ಮುಂಚೆ ಕೋಲಾರ ಇತ್ತು ಎನ್ನುವುದು ಆ ಬೆಳಗ್ಗೆ ತಿಳಿಯಿತು.

ಕೊನೆಗೆ ಅಮ್ಮನ ಹಳೇ ಬೀದಿ. ಕಠಾರಿಪಾಳ್ಯದ ಕಡೆ ಎಂದಷ್ಟೇ ಅಮ್ಮನಿಗೆ ನೆನಪು. ಮೂರು ಗಲ್ಲಿ ತಪ್ಪು ಹೋದೆವು. ಟೆಂಪೋ ಒಳಗೆ ಬರುತ್ತಲೇ ಇರಲಿಲ್ಲ, ಕಾರು ತಿರುಗುತ್ತಿರಲಿಲ್ಲ. ಮನೆ ಸಿಗಲಿಲ್ಲ, ಅಲ್ಲೆಲ್ಲ ಈಗ ಮೂರಂತಸ್ತಿನ ಕಟ್ಟಡ. ಬೀದಿ ಸಿಕ್ಕಿತು. ಹನ್ನೊಂದೂವರೆಗೆ ಮನೆ ಮುಂದೆ ಇಳಿದೆವು. 800 ಕೊಟ್ಟೆ.

ಆಟೋದಲ್ಲಿ ತೊಂದರೆ ಇಲ್ಲವೆಂದಲ್ಲ. ಧೂಳು ಇದೆ. ಹಂಪ್ ಬಂದಾಗ ಅಮ್ಮ ಕಂಬಿ ಹಿಡಿದುಕೊಳ್ಳುತ್ತಿದ್ದರು. ಮೂರು ಜನಕ್ಕಿಂತ ಜಾಸ್ತಿ ಕೂರುವ ಹಾಗಿಲ್ಲ. ವೇಟಿಂಗ್ ಸೇರಿ ಎಷ್ಟೆಂದು ಹತ್ತುವ ಮೊದಲೇ ಮಾತಾಡಿಕೊಳ್ಳದಿದ್ದರೆ ಕೊನೆಯಲ್ಲಿ ಜಗಳ ಗ್ಯಾರಂಟಿ. ಎಲ್ಲ ಆಟೋದವರೂ ಈ ಭಾಯ್ ಥರ ಇರುವುದಿಲ್ಲ, ಅದೂ ನಿಜ. ಅದಕ್ಕೇ ಹಿಂದಿನ ಸಂಜೆಯೇ ಸ್ಟ್ಯಾಂಡಿಗೆ ಹೋಗಿ, ಸ್ವಲ್ಪ ವಯಸ್ಸಾದವರನ್ನು ನೋಡಿ, ಐದು ನಿಮಿಷ ಮಾತಾಡಿ. ಗುಡಿ ಬಾಗಿಲ ಹೊತ್ತು ಅವರಿಗೆ ಗೊತ್ತಿದೆಯೇ ಎಂದು ಕೇಳಿ. ಗೊತ್ತಿದ್ದರೆ ಒಪ್ಪಿಕೊಳ್ಳಿ.

ಹತ್ತು ಜನ ಸ್ನೇಹಿತರು ಸೇರಿ ಹೋಗುತ್ತೀರಿ, ಕೋಟಿಲಿಂಗೇಶ್ವರದ 108 ಅಡಿ ಲಿಂಗ ನೋಡಲೇಬೇಕು ಅಂದರೆ ಟೆಂಪೋ ಸರಿ. ಆದರೆ ಊರೊಳಗಿನ ಗುಡಿಗಳು ಎಷ್ಟು ಹೊತ್ತಿಗೆ ಎಂದು ದುಡ್ಡು ಕಟ್ಟುವ ಮೊದಲೇ ಕೇಳಿ. ಹತ್ತಕ್ಕಿಂತ ತಡ ಎಂದರೆ ಕಟ್ಟಬೇಡಿ. ನಾನು ಇನ್ನು ಕಟ್ಟುವುದಿಲ್ಲ. ನನಗೆ ಬೆಳಗ್ಗೆ ಬೇಗ ಏಳುವ ಅಭ್ಯಾಸ ಇದೆ, ಉಳಿಯಲು ಒಂದು ಮನೆ ಇದೆ, ತಿಂಗಳ ಸಂಬಳದಲ್ಲಿ 800 ರೂಪಾಯಿ ತೆಗೆದಿಡುವುದು ಕಷ್ಟವಲ್ಲ.

ಯುಗಾದಿ ಕಳೆದ ಮೇಲೆ ಚಿಕ್ಕಮ್ಮನೂ ಬರುತ್ತಾರಂತೆ. ಈ ಸಲ ಬೂದಿಕೋಟೆಗೂ ಹೋಗೋಣವೆಂದು ಭಾಯ್‌ಗೆ ಫೋನ್ ಮಾಡಿದೆ. "ಅಷ್ಟು ದೂರಕ್ಕೆ ಆಟೋ ಬೇಡಮ್ಮ, ತಾಯಿಗೆ ಸೊಂಟ ನೋವು ಬರುತ್ತೆ. ನಿಮ್ಮ ಭಾವನಿಗೆ ಕಾರು ತರೋಕೆ ಹೇಳಿ. ನಾನು ಮುಂದೆ ಕೂತ್ಕೊಂಡು ದಾರಿ ಹೇಳ್ತೀನಿ" ಎಂದರು.